ಮನೆಯಲ್ಲೇ ಬ್ಲೇಡ್ ಸರ್ವರ್: ಬೋರ್ಡಿಗಿಂತ ವೈರಿನ ಕೆಲಸವೇ ಜಾಸ್ತಿ

ಬ್ಲೇಡ್ ಸರ್ವರ್ ಅಂದರೆ ಡೇಟಾ ಸೆಂಟರಿನ ತಣ್ಣನೆ ಕೋಣೆಯಲ್ಲಿರುವ ದುಬಾರಿ ಮಿಷನ್ ಎಂದೇ ನಮಗೆ ಗೊತ್ತು. ಅದರ ಹಿಂದಿನ ಲೆಕ್ಕ ಮಾತ್ರ ತುಂಬಾ ಸರಳ. ಒಂದೊಂದು ಕಂಪ್ಯೂಟರಿಗೂ ಬೇರೆ ಪವರ್ ಸಪ್ಲೈ, ಬೇರೆ ಫ್ಯಾನು, ಬೇರೆ ಡಬ್ಬ ಯಾಕೆ? ಅವೆಲ್ಲ ಒಂದೊಂದೇ ಇರಲಿ, ಬೋರ್ಡುಗಳನ್ನಷ್ಟೇ ಸಾಲಾಗಿ ನಿಲ್ಲಿಸಿದರಾಯಿತು. 2001ರಲ್ಲಿ ಅಮೆರಿಕದ ಆರ್‌ಎಲ್‌ಎಕ್ಸ್ ಟೆಕ್ನಾಲಜೀಸ್ ಸುಮಾರು 13 ಸೆಂ.ಮೀ. ಎತ್ತರದ ಪೆಟ್ಟಿಗೆಯಲ್ಲಿ 24 ಸರ್ವರ್ ಕೂರಿಸಿತ್ತು. ನಾವು ನಾಲ್ಕು ಕೂರಿಸೋಣ, ರಾಸ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್ ಬೋರ್ಡುಗಳನ್ನು ಇಟ್ಟುಕೊಂಡು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬರೀ ವೇಗ ಬೇಕಿದ್ದರೆ ಇದು ಬೇಡ. ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ಒಂದೇ ಈ ನಾಲ್ಕನ್ನೂ ಮೀರಿಸಬಹುದು. ಒಂದು ಸರ್ವರ್ ಕೈಕೊಟ್ಟಾಗ ಉಳಿದವು ಕೆಲಸ ಹೇಗೆ ಹಂಚಿಕೊಳ್ಳುತ್ತವೆ ಎಂದು ಕಣ್ಣಾರೆ ನೋಡಿ ಕಲಿಯುವ ಆಸೆ ಇದ್ದವರಿಗೆ ಇದು ಸರಿ.

ಸಾಮಾನು

ಬೆಂಗಳೂರಿನವರಿಗೆ ಟೌನ್‌ಹಾಲ್ ಸುತ್ತಮುತ್ತಲೇ ಬೇಕಾದ್ದೆಲ್ಲ ಸಿಗುತ್ತದೆ. ಎಸ್‌ಪಿ ರಸ್ತೆಯಲ್ಲಿ ಎಲೆಕ್ಟ್ರಾನಿಕ್ಸ್, ಎಸ್‌ಜೆಪಿ ರಸ್ತೆಯಲ್ಲಿ ಹಾರ್ಡ್‌ವೇರ್, ಜೆಸಿ ರಸ್ತೆಯಲ್ಲಿ ಗಾಡಿ ಬಿಡಿಭಾಗ. ಗಾಡಿ ಅಂಗಡಿಯಲ್ಲಿ ಏನು ಕೆಲಸ ಅಂತೀರಾ? ಕಾರಿನ ಫ್ಯೂಸ್ ಬಾಕ್ಸ್ ಬೇಕು. ಆರು ಫ್ಯೂಸ್ ಹಿಡಿಸುವಂಥದ್ದು, ಜೊತೆಗೆ 5 ಆಂಪಿಯರ್‌ ಫ್ಯೂಸ್ ನಾಲ್ಕೈದು. ಬೇರೆ ಊರಿನಲ್ಲೂ ಕಾರ್ ಎಲೆಕ್ಟ್ರಿಷಿಯನ್ ಹತ್ತಿರ ಕೇಳಿದರೆ ಇದು ಸಿಗುತ್ತದೆ.

ಪವರಿಗೆ 5 ವೋಲ್ಟಿನ ಒಂದು ಎಸ್‌ಎಂಪಿಎಸ್, ಅಂದರೆ ಮನೆಯ 230 ವೋಲ್ಟನ್ನು 5ಕ್ಕೆ ಇಳಿಸಿ ಕೊಡುವ ಪವರ್ ಸಪ್ಲೈ. ಪೈ 4 ಬೋರ್ಡಿಗೆ 3 ಆಂಪಿಯರ್ ಲೆಕ್ಕ, ನಾಲ್ಕಕ್ಕೆ 12. ಮೀನ್‌ವೆಲ್‌ನ ಎಲ್‌ಆರ್‌ಎಸ್-100-5 ಮಾದರಿ 18 ಆಂಪಿಯರ್ ಕೊಡುತ್ತದೆ, ಆರಾಮಾಗಿ ಸಾಕು. ಉಳಿದಂತೆ ನೆಟ್‌ವರ್ಕ್ ಕೇಬಲ್‌ಗಳನ್ನು ಒಂದೆಡೆ ಸೇರಿಸುವ ಐದು ಪೋರ್ಟಿನ ಗಿಗಾಬಿಟ್ ಸ್ವಿಚ್, 120 ಮಿ.ಮೀ. ಫ್ಯಾನು, 3 ಮಿ.ಮೀ. ದಪ್ಪದ ಅಕ್ರಿಲಿಕ್ ಶೀಟು, ಅಲ್ಯೂಮಿನಿಯಂ ಆ್ಯಂಗಲ್ಲು, ಶೋಕೇಸ್ ಗಾಜು ಜಾರುವ ಅಲ್ಯೂಮಿನಿಯಂ ಚಾನೆಲ್ಲು. ಚಾನೆಲ್ ಕೊಳ್ಳುವಾಗ ಶೀಟಿನ ಒಂದು ತುಂಡು ಜೇಬಿನಲ್ಲಿರಲಿ. ಅಂಗಡಿಯಲ್ಲೇ ಅದರೊಳಗೆ ಜಾರಿಸಿ ನೋಡಿ. ಬಿಗಿಯೂ ಆಗಬಾರದು, ಗಡಗಡ ಅಲ್ಲಾಡಲೂಬಾರದು.

ಚೌಕಟ್ಟು

ಶೀಟನ್ನು 10 ಸೆಂ.ಮೀ. ಎತ್ತರ, 15 ಸೆಂ.ಮೀ. ಉದ್ದಕ್ಕೆ ನಾಲ್ಕು ತುಂಡು ಮಾಡಿಸಿ. ಪೈ ಬೋರ್ಡಿನ ತೂತುಗಳ ನಡುವೆ 58 ಮತ್ತು 49 ಮಿ.ಮೀ. ಅಂತರವಿದೆ. ಅದೇ ಅಳತೆಗೆ ಗುರುತು ಹಾಕಿ ಕೊರೆಯಿರಿ. ಸ್ಕ್ರೂ ಎಂ2.5 ಆಗಿರಬೇಕು. ಅಂಗಡಿಯವರು ಎಂ3 ಕೊಟ್ಟು ‘ಇದೇ ಆಗುತ್ತೆ ಸಾರ್’ ಅಂದರೆ ನಂಬಬೇಡಿ, ಬೋರ್ಡಿನ ತೂತು ಇರುವುದೇ 2.7 ಮಿ.ಮೀ. ಬೋರ್ಡು ಮತ್ತು ಶೀಟಿನ ನಡುವೆ ಅಂತರ ಕೊಡುವ ಹಿತ್ತಾಳೆಯ ಸಣ್ಣ ಕಂಬ, ಅಂದರೆ ಸ್ಟ್ಯಾಂಡ್‌ಆಫ್ ಹಾಕಿ. ಹೀಗೆ ಬೋರ್ಡು ಕೂತ ಶೀಟೇ ನಮ್ಮ ಬ್ಲೇಡ್. ನೆಟ್‌ವರ್ಕ್ ಪೋರ್ಟು ಮುಂದಕ್ಕೆ ಬರಲಿ. ಆಗ ಮೆಮೊರಿ ಕಾರ್ಡ್ ಹಿಂದಕ್ಕೆ ಹೋಗುತ್ತದೆ, ಕಾರ್ಡ್ ಬದಲಿಸಲು ಇಡೀ ಬ್ಲೇಡನ್ನೇ ಎಳೆಯಬೇಕು. ಎಳೆಯಲೆಂದೇ ಅಲ್ವಾ ಇದನ್ನು ಕಟ್ಟುತ್ತಿರುವುದು?

ಆ್ಯಂಗಲ್ಲಿನಿಂದ ಪೆಟ್ಟಿಗೆ ಆಕಾರದ ಚೌಕಟ್ಟು ಮಾಡಿ, ಮೇಲೆ ನಾಲ್ಕು ಕೆಳಗೆ ನಾಲ್ಕು ಚಾನೆಲ್‌ಗಳನ್ನು ರಿವೆಟ್ ಹೊಡೆಯಿರಿ. ಎರಡು ಚಾನೆಲ್‌ಗಳ ನಡುವೆ 4 ಸೆಂ.ಮೀ. ಇಡಿ. ಆಗ ಮೊದಲ ಬ್ಲೇಡಿನಿಂದ ಕೊನೆಯದಕ್ಕೆ 12 ಸೆಂ.ಮೀ. ಆಗುತ್ತದೆ, ಫ್ಯಾನಿನ ಅಗಲಕ್ಕೆ ಸರಿಯಾಗಿ. ಫ್ಯಾನನ್ನು ಅಡಿಯಲ್ಲಿ ಮಲಗಿಸಿ, ಗಾಳಿ ಮೇಲಕ್ಕೆ ಹೋಗುವಂತೆ. ಚೌಕಟ್ಟಿಗೆ ಮೂರು ಸೆಂಟಿಮೀಟರಿನ ಕಾಲು ಕೊಡದಿದ್ದರೆ ಫ್ಯಾನಿಗೆ ಎಳೆದುಕೊಳ್ಳಲು ಗಾಳಿಯೇ ಇರುವುದಿಲ್ಲ. ಎಸ್‌ಎಂಪಿಎಸ್ ಅನ್ನು ಪಕ್ಕಕ್ಕೆ ಕೂರಿಸಿ. ಕೆಳಗಿಟ್ಟರೆ ಅದರ ಬಿಸಿಯೆಲ್ಲ ಬೋರ್ಡುಗಳಿಗೇ. ಕತ್ತರಿಸಿದ ಅಲ್ಯೂಮಿನಿಯಂ ಅಂಚನ್ನು ಅರದಿಂದ ಉಜ್ಜಲು ಮರೆಯಬೇಡಿ, ಕೈ ಕುಯ್ಯುತ್ತದೆ.

ಕರೆಂಟು

ಇಡೀ ಕೆಲಸ ನಿಂತಿರುವುದು ಇಲ್ಲಿ. ಹೊಸಬರು ಬೋರ್ಡು ಸರಿಯಿಲ್ಲ, ಕಾರ್ಡ್ ಸರಿಯಿಲ್ಲ ಎಂದು ತಲೆಕೆಡಿಸಿಕೊಳ್ಳುವಾಗ ಎಷ್ಟೋ ಸಲ ತಪ್ಪು ವೈರಿನದ್ದೇ ಆಗಿರುತ್ತದೆ.

ಯಾಕೆ ನೋಡಿ. ಬೋರ್ಡಿಗೆ ಸಿಗುವ ವೋಲ್ಟೇಜ್ 4.63ಕ್ಕಿಂತ ಕೆಳಗಿಳಿದರೆ ಪೈ ಗೊಣಗಲು ಶುರು ಮಾಡುತ್ತದೆ. ಕೆಂಪು ದೀಪ ಮಿಣುಕುತ್ತದೆ, ವೇಗ ಇಳಿಯುತ್ತದೆ, ಸುಮ್‌ಸುಮ್ನೆ ರೀಬೂಟ್ ಕೂಡ ಆಗಬಹುದು. 0.2 ಚದರ ಮಿ.ಮೀ. ದಪ್ಪದ ತೆಳು ವೈರನ್ನು ಒಂದು ಮೀಟರ್ ದೂರ ಎಳೆದಿರಿ ಎನ್ನಿ. ಹೋಗುವುದು ಬರುವುದು ಸೇರಿ ಎರಡು ಮೀಟರ್. 3 ಆಂಪಿಯರ್ ಹರಿದಾಗ ವೈರಿನಲ್ಲೇ ಅರ್ಧ ವೋಲ್ಟ್ ಕಳೆದುಹೋಗುತ್ತದೆ. 5.1 ವೋಲ್ಟ್ ಹೊರಟರೆ ತಲುಪುವುದು 4.6. ಅದೇ ದೂರಕ್ಕೆ 1 ಚದರ ಮಿ.ಮೀ. ಮಲ್ಟಿಸ್ಟ್ರ್ಯಾಂಡ್ ವೈರ್ ಹಾಕಿದರೆ ನಷ್ಟ 0.1 ವೋಲ್ಟ್ ಅಷ್ಟೆ. ಆದ್ದರಿಂದ ವೈರ್ ದಪ್ಪ ಇರಲಿ, ಉದ್ದ ಕಮ್ಮಿ ಇರಲಿ. ಎಸ್‌ಎಂಪಿಎಸ್‌ನಿಂದ ಫ್ಯೂಸ್ ಬಾಕ್ಸಿಗೆ 2.5 ಚದರ ಮಿ.ಮೀ., ಅಲ್ಲಿಂದ ಒಂದೊಂದು ಬ್ಲೇಡಿಗೂ 1. ಬ್ಲೇಡಿನ ಹಿಂಬದಿಗೆ ಡ್ರೋನ್ ಬ್ಯಾಟರಿಗಳಲ್ಲಿ ಬಳಸುವ ಎಕ್ಸ್‌ಟಿ30 ಕನೆಕ್ಟರ್ ಬೆಸುಗೆ ಹಾಕಿ. ಕರೆಂಟು ಬರುವ ಕಡೆ ಹೆಣ್ಣು ಕನೆಕ್ಟರ್, ಬ್ಲೇಡಿನ ಕಡೆ ಗಂಡು. ಅದಲುಬದಲು ಮಾಡಿದರೆ ಬ್ಲೇಡ್ ಎಳೆದಾಗ ಕರೆಂಟಿರುವ ಪಿನ್ನುಗಳು ಬರಿಮೈಯಲ್ಲಿ ನೇತಾಡುತ್ತವೆ.

ಕನೆಕ್ಟರಿನಿಂದ ಬೋರ್ಡಿನ 40 ಪಿನ್ನುಗಳ ಸಾಲಿಗೆ ವೈರ್ ತನ್ನಿ. ಮೆಮೊರಿ ಕಾರ್ಡ್ ಇರುವ ಮೂಲೆಯಿಂದ ಎಣಿಸಿ. ಬೋರ್ಡಿನ ಅಂಚಿಗಿರುವ ಸಾಲಿನಲ್ಲಿ ಮೊದಲ ಎರಡು ಪಿನ್, ಅಂದರೆ 2 ಮತ್ತು 4, ಐದು ವೋಲ್ಟಿನವು. ಮೂರನೆಯದು, ಅಂದರೆ 6, ಗ್ರೌಂಡ್. ಒಳಸಾಲಿನ ಐದನೆಯದಾದ 9 ಕೂಡ ಗ್ರೌಂಡ್. ಎರಡು ಕೆಂಪು ವೈರ್, ಎರಡು ಕಪ್ಪು ವೈರ್ ಕೊಡಿ, ಒಂದೇ ಪಿನ್ನಿನ ಮೇಲೆ ಭಾರ ಹಾಕಬೇಡಿ. 2ನೇ ಪಿನ್ನಿನ ಪಕ್ಕದಲ್ಲೇ ಇರುವ 1ನೇ ಪಿನ್ 3.3 ವೋಲ್ಟಿನದು. ಅದಕ್ಕೆ ಐದು ವೋಲ್ಟ್ ತಗುಲಿದರೆ ಬೋರ್ಡಿನ ಕಥೆ ಮುಗಿದಂತೆ. ಫ್ಯೂಸ್ ಇದೆಯಲ್ಲ ಎಂದು ಧೈರ್ಯ ಮಾಡಬೇಡಿ. ಅದು ವೈರ್ ಸುಡದಂತೆ ಕಾಯುತ್ತದೆಯೇ ಹೊರತು ಬೋರ್ಡನ್ನಲ್ಲ.

230 ವೋಲ್ಟಿನ ಕಡೆ ಅನುಭವ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಮೂರು ಪಿನ್ನಿನ ಪ್ಲಗ್ ಇರಲಿ, ಅರ್ಥಿಂಗ್ ವೈರನ್ನು ಎಸ್‌ಎಂಪಿಎಸ್‌ಗೂ ಅಲ್ಯೂಮಿನಿಯಂ ಚೌಕಟ್ಟಿಗೂ ಜೋಡಿಸಿ. ಯಾವ ಬೋರ್ಡನ್ನೂ ಸಿಕ್ಕಿಸದೆ ಆನ್ ಮಾಡಿ, ಮಲ್ಟಿಮೀಟರ್ ಹಿಡಿದು, ಎಸ್‌ಎಂಪಿಎಸ್ ಮೇಲಿನ ಸಣ್ಣ ಸ್ಕ್ರೂ ತಿರುಗಿಸಿ 5.1 ವೋಲ್ಟಿಗೆ ನಿಲ್ಲಿಸಿ. ಆಮೇಲೆ ಒಂದೊಂದೇ ಬ್ಲೇಡ್ ಕೂರಿಸಿ. 12 ವೋಲ್ಟಿನ ಫ್ಯಾನಾದರೆ ಅದಕ್ಕೆ ಹಳೇ ರೂಟರಿನ 12 ವೋಲ್ಟ್ ಅಡಾಪ್ಟರ್ ಸಾಕು.

ನೆಟ್‌ವರ್ಕು, ಸಾಫ್ಟ್‌ವೇರು

ಸ್ವಿಚ್ಚಿಗೆ ನಾಲ್ಕು ಬ್ಲೇಡು, ಐದನೇ ಪೋರ್ಟು ರೂಟರಿಗೆ. ಕೇಬಲ್ ತುದಿಗೆ ಪ್ಲಗ್ ನೀವೇ ಕ್ರಿಂಪ್ ಮಾಡುವುದಾದರೆ ಎರಡೂ ತುದಿಗೆ ವೈರಿನ ಬಣ್ಣ ಇದೇ ಕ್ರಮದಲ್ಲಿರಲಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು.

ಕಾರ್ಡಿಗೆ ಆಪರೇಟಿಂಗ್ ಸಿಸ್ಟಮ್ ಬರೆಯುವ ರಾಸ್‌ಬೆರಿ ಪೈ ಇಮೇಜರ್‌ನಲ್ಲಿ ಕಾರ್ಡ್ ತಯಾರಿಸುವಾಗಲೇ ಪ್ರತಿ ಬೋರ್ಡಿನ ಹೆಸರು, ಪಾಸ್‌ವರ್ಡ್ ಹಾಕಿ, ಬೇರೆ ಕಂಪ್ಯೂಟರಿನಿಂದಲೇ ಬೋರ್ಡಿಗೆ ಲಾಗಿನ್ ಆಗಲು ಎಸ್‌ಎಸ್‌ಎಚ್ ಆನ್ ಮಾಡಿ. ಹೆಸರಿಡುವುದರಲ್ಲಿ ಒಂದು ಮಜಾ ಇದೆ. ಮುಖ್ಯ ಬೋರ್ಡಿಗೆ ಕಾವೇರಿ ಎಂದಿಟ್ಟು, ಉಳಿದವಕ್ಕೆ ಹೇಮಾವತಿ, ಕಬಿನಿ, ಶಿಂಷಾ ಎಂದರೆ ಯಾವುದು ಯಾರ ಕೈಕೆಳಗೆ ಎಂದು ಮರೆಯುವುದಿಲ್ಲ. ರೂಟರಿನಲ್ಲಿ ನಾಲ್ಕಕ್ಕೂ ಬದಲಾಗದ ಐಪಿ ವಿಳಾಸ ಕಾಯ್ದಿರಿಸಿ. ಬೋರ್ಡುಗಳಿಗೆ ಕೆಲಸ ಹಂಚುವ ಕೆ3ಎಸ್ ಎಂಬ ಸಾಫ್ಟ್‌ವೇರನ್ನು ಕಾವೇರಿಗೆ ಹಾಕಿ, ಉಳಿದ ಮೂರನ್ನು ಅದಕ್ಕೆ ಸೇರಿಸಿ. ಪದೇ ಪದೇ ಬರೆಯುವ ಕೆಲಸಕ್ಕೆ ಮೆಮೊರಿ ಕಾರ್ಡ್ ಬಾಳಿಕೆ ಬರುವುದಿಲ್ಲ. ಕಾವೇರಿಗೆ ಒಂದು ಎಸ್‌ಎಸ್‌ಡಿ ಸಿಕ್ಕಿಸಿ, ಡೇಟಾ ಎಲ್ಲ ಅದರಲ್ಲಿರಲಿ.

ಪರೀಕ್ಷೆ

ನಾಲ್ಕೂ ಬೋರ್ಡುಗಳಿಗೆ ಒಂದು ಗಂಟೆ ಪೂರ್ತಿ ಕೆಲಸ ಕೊಡಿ. ಬಿಸಿ 80 ಡಿಗ್ರಿ ಮುಟ್ಟಿದರೆ ಪೈ ತಾನೇ ವೇಗ ಇಳಿಸಿಕೊಳ್ಳುತ್ತದೆ. ಫ್ಯಾನ್ ಸರಿಯಿದ್ದರೆ ಅಲ್ಲಿವರೆಗೆ ಹೋಗಬಾರದು. ಅದೇ ಹೊತ್ತಿನಲ್ಲಿ ಕೊನೆಯ ಬ್ಲೇಡಿನ ಪಿನ್ 4 ಮತ್ತು 6ರ ನಡುವೆ ಮೀಟರ್ ಹಿಡಿಯಿರಿ. 4.9 ವೋಲ್ಟಿಗಿಂತ ಮೇಲಿದ್ದರೆ ವೈರಿಂಗ್ ಗಟ್ಟಿ.

ಎಲ್ಲ ಸೇರಿ 30 ವ್ಯಾಟ್ ಎಂದುಕೊಂಡರೆ ತಿಂಗಳಿಗೆ ಸುಮಾರು 22 ಯೂನಿಟ್. ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರುವ ಮನೆಯವರು ಇದನ್ನು ಲೆಕ್ಕಕ್ಕಿಟ್ಟುಕೊಳ್ಳಿ. ಕರೆಂಟ್ ಹೋದಾಗ ಕಾರ್ಡಿನ ಫೈಲುಗಳು ಕೆಡಬಹುದು. ಮನೆಯ ಇನ್ವರ್ಟರಿನ ಲೈನಿಗೆ ಕೊಟ್ಟಿದ್ದರೆ ಅದರ ಸ್ವಿಚ್ ಯುಪಿಎಸ್ ಕಡೆಗಿರಲಿ.

ಐದನೇ ಬ್ಲೇಡ್ ಸೇರಿಸುವ ಆಸೆ ಬಂದರೆ ಎಸ್‌ಎಂಪಿಎಸ್‌ನಲ್ಲೂ ಫ್ಯೂಸ್ ಬಾಕ್ಸಿನಲ್ಲೂ ಜಾಗವಿದೆ. ಸ್ವಿಚ್ಚಿನಲ್ಲಿ ಇಲ್ಲ, ಫ್ಯಾನಿನ ಮೇಲೂ ಇಲ್ಲ. ಆಸೆ ಬಂದೇ ಬರುತ್ತದೆ ಎನ್ನುವವರು ಮೊದಲೇ ಎಂಟು ಪೋರ್ಟಿನ ಸ್ವಿಚ್ ತಂದು, ಚೌಕಟ್ಟನ್ನು ಎರಡು ಫ್ಯಾನಿನ ಅಗಲಕ್ಕೆ ಕತ್ತರಿಸಿಕೊಳ್ಳಿ.