ಹತ್ತೊಂಬತ್ತು ವರ್ಷದ ಮೇಲೆ ಎದ್ದ ಕಪ್ಪುಕುಳಿ, ನನ್ನ ಕೋಥ್ರೂಡಿನ ಲ್ಯಾಪ್‌ಟಾಪಿನಲ್ಲಿ

ಪುಣೆಯಲ್ಲಿ ಜೂನ್ ಬಂತೆಂದರೆ ಆಕಾಶ ಕಾಣುವುದೇ ಇಲ್ಲ. ನನ್ನ ಟೆಲಿಸ್ಕೋಪ್ ಅಟ್ಟ ಸೇರುತ್ತದೆ. ಆ ಮಳೆಗಾಲದ ಬೇಜಾರಿಗೆ ಹಿಡಿದ ಹುಚ್ಚು ಇದು: ಮನೆಯಲ್ಲೇ ಕೂತು ಎಕ್ಸ್‌ರೇ ಆಕಾಶ ಕಾಯುವುದು.

ಎಕ್ಸ್‌ರೇ ನಮ್ಮ ಗಾಳಿ ದಾಟಿ ಕೆಳಗೆ ಬರುವುದಿಲ್ಲ. ಮೇಲೆ ಹೋಗಿಯೇ ನೋಡಬೇಕು. ನೋಡುವವರು ಜಪಾನಿನವರು. 2009ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹೊರಮೈಗೆ ಮ್ಯಾಕ್ಸಿ ಎಂಬ ಉಪಕರಣ ಕೂರಿಸಿದರು. ನಿಲ್ದಾಣ ಸುಮಾರು 92 ನಿಮಿಷಕ್ಕೆ ಭೂಮಿ ಸುತ್ತಿದಂತೆ ಇದೂ ಆಕಾಶದ ಮೇಲೆ ಕಣ್ಣಾಡಿಸುತ್ತದೆ. ಕಂಡದ್ದನ್ನೆಲ್ಲ ಸಾದಾ ಟೆಕ್ಸ್ಟ್ ಫೈಲಿನಲ್ಲಿ ಯಾರು ಬೇಕಾದರೂ ತಗೊಳ್ಳಿ ಅಂತ ಇಟ್ಟುಬಿಡುತ್ತಾರೆ. ಎಕ್ಸ್‌ರೇ ಹೊರಡುವ ಒಂದೊಂದು ಮೂಲಕ್ಕೆ ಒಂದೊಂದು ಫೈಲು. ಮೊದಲ ಕಾಲಂ ದಿನ, ಎರಡನೆಯದು ಎಷ್ಟು ಎಕ್ಸ್‌ರೇ ಬಂತು, ಮೂರನೆಯದು ಎರರ್, ಅಂದರೆ ಆ ಅಳತೆ ಎಷ್ಟು ಹೆಚ್ಚು ಕಡಿಮೆ ಇರಬಹುದು ಅನ್ನುವುದು. ದಿನವನ್ನು 1858ರ ನವೆಂಬರ್ 17ರಿಂದ ಎಣಿಸಿ ಬರೆದಿರುತ್ತಾರೆ, ನೋಡಿ ಗಾಬರಿ ಆಗಬೇಡಿ.

ನಾನು ಗಾಬರಿಯಾಗದೆ ಕೆಟ್ಟದ್ದು ಮೂರನೇ ಕಾಲಂನಲ್ಲಿ. ಅಕ್ವಿಲಾ ಎಕ್ಸ್-1 ಅಂತ ಒಂದು ನ್ಯೂಟ್ರಾನ್ ನಕ್ಷತ್ರ (ಸತ್ತ ನಕ್ಷತ್ರದ ಗಟ್ಟಿ ತಿರುಳು) ಇದೆ, ಹೆಚ್ಚು ಕಡಿಮೆ ವರ್ಷಕ್ಕೊಮ್ಮೆ ಉರಿದೇಳುತ್ತದೆ. ಒಂದು ದಿನ ಅದರ ಗ್ರಾಫಿನಲ್ಲಿ ಒಂದೇ ಒಂದು ಚುಕ್ಕಿ ಮೇಲಕ್ಕೆ ಹಾರಿತ್ತು. ಭಾನುವಾರ ಇಡ್ಲಿಗೆ ಸೇರುವ ನಮ್ಮ ಕನ್ನಡದ ಗುಂಪಿಗೆಲ್ಲ ತೋರಿಸಿ ಭಾಷಣ ಬಿಗಿದೆ. ಮರುದಿನ ಚುಕ್ಕಿ ಸೊನ್ನೆಗೆ ವಾಪಸ್. ತೆಗೆದು ನೋಡಿದರೆ ಅಳತೆ 0.4, ಎರರ್ 0.3. ತರಕಾರಿ ತಕ್ಕಡಿಯಲ್ಲಿ ಚಿನ್ನ ತೂಗಿದ ಹಾಗೆ. ಅವತ್ತಿನಿಂದ ನನ್ನ ನಿಯಮ ಒಂದೇ. ಅಳತೆ ಎರರ್‌ಗಿಂತ ಐದು ಪಟ್ಟಾದರೂ ಇರಬೇಕು, ಅದೂ ಎರಡು ದಿನ ಬಿಡದೆ. ಅಲ್ಲಿ ತನಕ ಬಾಯಿ ಮುಚ್ಚಿಕೊಂಡಿರಬೇಕು.

ನನ್ನ ಪಟ್ಟಿಯಲ್ಲಿ ಹನ್ನೆರಡು ಮೂಲಗಳಿದ್ದವು. ಅದರಲ್ಲಿ 4ಯು 1543-47 ಒಂದು. 4ಯು ಅಂದರೆ ಉಹುರು ಎಂಬ ಎಕ್ಸ್‌ರೇ ಉಪಗ್ರಹದ ನಾಲ್ಕನೇ ಪಟ್ಟಿ, ಉಳಿದ ಅಂಕಿಗಳು ಆಕಾಶದಲ್ಲಿ ಅದರ ವಿಳಾಸ. ಇದು ಕಪ್ಪುಕುಳಿ, ಸೂರ್ಯನ ಒಂಬತ್ತು ಪಟ್ಟು ತೂಕ. ಪಕ್ಕದ ನಕ್ಷತ್ರದಿಂದ ಅನಿಲ ಎಳೆದು ತನ್ನ ಸುತ್ತ ತಟ್ಟೆ ಕಟ್ಟಿಕೊಳ್ಳುತ್ತದೆ. ಖಡಕ್‌ವಾಸ್ಲಾ ಅಣೆಕಟ್ಟು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನೀರು ಸುಮ್ನೆ ತುಂಬುತ್ತಾ ಇರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಗೇಟು ತೆಗೆದ ದಿನ ಮುಠಾ ನದಿ ಉಕ್ಕಿ ಭಿಡೆ ಸೇತುವೆ ಮುಳುಗುತ್ತದೆ. ತಟ್ಟೆಯೂ ಹಾಗೆ. ತುಂಬಿ ತುಂಬಿ ಬಿಸಿಯೇರಿ, ಅದರೊಳಗಿನ ಹೈಡ್ರೋಜನ್ ಪರಮಾಣುಗಳಿಂದ ಎಲೆಕ್ಟ್ರಾನ್ ಕಳಚಿಕೊಂಡ ಕೂಡಲೇ ಅನಿಲ ಸರಸರ ಒಳಗೆ ಸುರಿಯುತ್ತದೆ. ಶಾಖ ಕೋಟಿ ಡಿಗ್ರಿ ಹತ್ತಿರ ಹೋಗುತ್ತದೆ, ಎಕ್ಸ್‌ರೇ ಹೊರಡುತ್ತದೆ. ಇದು ಎದ್ದದ್ದು 1971, 1983, 1992, 2002ರಲ್ಲಿ. ಒಂಬತ್ತರಿಂದ ಹನ್ನೆರಡು ವರ್ಷಕ್ಕೊಮ್ಮೆ, ಹೆಚ್ಚು ಕಡಿಮೆ ಮಹಾಮಸ್ತಕಾಭಿಷೇಕದ ಲೆಕ್ಕ. ಆಮೇಲೆ ಸದ್ದೇ ಇಲ್ಲ.

2021ರ ಜೂನ್ 12, ಶನಿವಾರ ಬೆಳಿಗ್ಗೆ. ಎರಡನೇ ಅಲೆ ಇಳಿಯುತ್ತಿತ್ತು, ಕೆಲಸವೆಲ್ಲ ಮನೆಯಿಂದಲೇ. ಕಾಫಿ ಹಿಡಿದು ಸ್ಕ್ರಿಪ್ಟ್ ಓಡಿಸಿದೆ. 4ಯು 1543-47ರ ಫೈಲಿನ ತುಂಬ ವರ್ಷಗಟ್ಟಲೆ ಸೊನ್ನೆಯ ಆಚೀಚೆ ತೂಗಾಡುವ ಅಂಕಿಗಳು, ಕೆಲವಂತೂ ಮೈನಸ್. ಕೊನೆಗೆ ದಿನ 59376, ಅಂದರೆ ಹಿಂದಿನ ದಿನ ಜೂನ್ 11. ಅಲ್ಲಿ ಅಂಕಿ ನೆಗೆದಿತ್ತು. ಎರರ್ ಅದರ ಮುಂದೆ ಏನೇನೂ ಅಲ್ಲ.

ಮೊದಲು ಬಂದ ಯೋಚನೆ, ನಾನೇ ಫೈಲು ಅದಲು ಬದಲು ಮಾಡಿದೆನಾ ಅಂತ. ಕ್ರ್ಯಾಬ್ ನೆಬ್ಯುಲಾದ (ಸಿಡಿದ ನಕ್ಷತ್ರವೊಂದರ ಅವಶೇಷ) ಫೈಲು ತೆಗೆದೆ. ಅದು ಹೆಚ್ಚು ಕಡಿಮೆ ಒಂದೇ ಸಮ ಇರುತ್ತದೆ, ಹಾಗಾಗಿ ಉಪಕರಣ ಸರಿ ಇದೆಯಾ ಅಂತ ನೋಡಲು ಅದೇ ತೂಕದ ಬಟ್ಟು. ಕ್ರ್ಯಾಬ್ ತಣ್ಣಗಿತ್ತು. ಆಮೇಲೆ ಒಂದೊಂದು ಸುತ್ತಿನ ಅಳತೆ ಇರುವ ಫೈಲು ತೆಗೆದೆ. ಪ್ರತಿ ಸುತ್ತಿಗೂ ಮೆಟ್ಟಿಲು ಹತ್ತುತ್ತಾ ಹೋಗಿತ್ತು. ಒಂದು ಹುಚ್ಚು ಚುಕ್ಕಿ ಹಾಗೆ ಹತ್ತುವುದಿಲ್ಲ ಅಲ್ವಾ?

ನಾನೇನೂ ಕಂಡುಹಿಡಿಯಲಿಲ್ಲ ಬಿಡಿ. ಮ್ಯಾಕ್ಸಿ ತಂಡ ಆಗಲೇ ಜಗತ್ತಿಗೆ ಸುದ್ದಿ ಕೊಟ್ಟಿತ್ತು. ಅದನ್ನು ಓದುವ ಮೊದಲೇ ನನ್ನ ಗ್ರಾಫ್ ಅದನ್ನೇ ಹೇಳಿತ್ತು, ಅಷ್ಟೇ ನನ್ನ ಪಾಲಿನ ಖುಷಿ. ಕೆಲವೇ ದಿನದಲ್ಲಿ ಅದು ಕಡಿಮೆ ಶಕ್ತಿಯ ಎಕ್ಸ್‌ರೇಯಲ್ಲಿ ಕ್ರ್ಯಾಬಿನ 11 ಪಟ್ಟು ಹೊಳೆಯಿತು.

ಭಾನುವಾರ ವಿಡಿಯೊ ಕಾಲ್‌ನಲ್ಲಿ ಗ್ರಾಫ್ ತೋರಿಸಿದೆ. ಎರಡನೇ ದಿನದ ಅಂಕಿಯೂ ಬಂದಿತ್ತು, ನಿಯಮ ಪೂರೈಸಿತ್ತು. ಯಾರೂ ಹೌದಾ ಅನ್ನಲಿಲ್ಲ. ಧಾರವಾಡದ ಗೆಳೆಯ ಕೇಳಿದ್ದು ಒಂದೇ ಮಾತು: "ಎರರ್ ಎಷ್ಟಪಾ?"

ಜುಲೈಯಲ್ಲಿ ನಮ್ಮ ಆಸ್ಟ್ರೋಸ್ಯಾಟ್ ಕೂಡ ಅದರ ಕಡೆ ತಿರುಗಿತು. ಆ ಉಪಗ್ರಹದ ಎಸ್‌ಎಕ್ಸ್‌ಟಿ, ಅಂದರೆ ಕಡಿಮೆ ಶಕ್ತಿಯ ಎಕ್ಸ್‌ರೇ ನೋಡುವ ಟೆಲಿಸ್ಕೋಪ್, ಮುಂಬೈಯ ಟಿಐಎಫ್‌ಆರ್ ಸಂಶೋಧನಾ ಸಂಸ್ಥೆಯಲ್ಲಿ ಆದದ್ದು. ದತ್ತಾಂಶ ಸಿಗುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನ ಭಂಡಾರದಿಂದ. ಇದು ಮೂರು ಕಾಲಂ ಓದಿದಷ್ಟು ಸುಲಭ ಅಲ್ಲ. ಸಾಫ್ಟ್‌ವೇರ್ ಹಾಕಿಕೊಳ್ಳುವುದಕ್ಕೇ ನನಗೆ ಎರಡು ವಾರಾಂತ್ಯ ಹೋಯಿತು, ಮೊದಲ ಗ್ರಾಫ್ ಬರುವ ಹೊತ್ತಿಗೆ ಗಣಪತಿ ಹಬ್ಬ ಬಂದಿತ್ತು.