ಕೆಲಸ ಮೊದಲು, ಕಲಿಕೆ ಕೆಲಸದಲ್ಲೇ: ಬೆಂಬಲಿತ ಉದ್ಯೋಗದಲ್ಲಿ ನನ್ನ ಅನುಭವ

ಬೌದ್ಧಿಕ ಅಂಗವೈಕಲ್ಯ, ಆಟಿಸಂ ಅಥವಾ ದೀರ್ಘಕಾಲದ ಮಾನಸಿಕ ಅನಾರೋಗ್ಯವಿರುವ ವಯಸ್ಕರ ಬಗ್ಗೆ ಬಹುಕಾಲ ಕೇಳುತ್ತಾ ಬಂದ ಪ್ರಶ್ನೆ ಒಂದೇ: ಇವರು ಕೆಲಸಕ್ಕೆ ಸಿದ್ಧರಾಗಿದ್ದಾರೆಯೇ? ಸಿದ್ಧರಾಗಲಿ ಎಂದು ಅವರನ್ನು ಪ್ರತ್ಯೇಕ ಕಾರ್ಯಾಗಾರಗಳಲ್ಲಿ ವರ್ಷಗಟ್ಟಲೆ ಕೂರಿಸಿ, ಕವರು ಅಂಟಿಸುವುದನ್ನೋ ಬಿಡಿಭಾಗ ಬೇರ್ಪಡಿಸುವುದನ್ನೋ ಮಾಡಿಸುತ್ತಿದ್ದರು. ಹೆಚ್ಚಿನವರ ಪಾಲಿಗೆ ಆ ಸಿದ್ಧತೆ ಮುಗಿಯುತ್ತಲೇ ಇರಲಿಲ್ಲ. ಜಾಬ್ ಕೋಚ್ ಆಗಿ, ಅಂದರೆ ಇಂಥವರಿಗೆ ಕೆಲಸ ಹುಡುಕಲು, ಕಲಿಯಲು ನೆರವಾಗುವ ವ್ಯಕ್ತಿಯಾಗಿ, ನಾನು ಹಿಡಿದಿರುವ ದಾರಿ ಬೇರೆ. ಮೊದಲು ಎಲ್ಲರಂತೆ ಸಂಬಳ ಬರುವ ಕೆಲಸ, ಅನಂತರ ಆ ಕೆಲಸದ ಜಾಗದಲ್ಲೇ ತರಬೇತಿ, ಬೇಕಾಗುವಷ್ಟು ಕಾಲ ಬೆಂಬಲ. ಸಿದ್ಧತೆ ಎಂಬುದು ಕೆಲಸ ಸಿಕ್ಕ ಮೇಲೆ, ಕೆಲಸ ಮಾಡುತ್ತಲೇ ಬರುತ್ತದೆ ಎಂಬುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಬೆಂಬಲಿತ ಉದ್ಯೋಗ ಎಂಬ ಈ ವಿಧಾನ ನನ್ನದೇನಲ್ಲ. 1970ರ ದಶಕದಲ್ಲಿ ಅಮೆರಿಕದ ಮಾರ್ಕ್ ಗೋಲ್ಡ್ ಅವರು, ಏನನ್ನೂ ಕಲಿಯಲಾರರು ಎಂದು ಬದಿಗಿಟ್ಟಿದ್ದ ತೀವ್ರ ಬೌದ್ಧಿಕ ಅಂಗವೈಕಲ್ಯದವರಿಗೆ ಸೈಕಲ್ ಬ್ರೇಕಿನ ಬಿಡಿಭಾಗಗಳನ್ನು ಜೋಡಿಸುವುದನ್ನು ಕಲಿಸಿ ತೋರಿಸಿದರು. ಕಲಿಯದಿದ್ದರೆ ಕಲಿಯುವವರನ್ನು ದೂರದೆ ಕಲಿಸುವ ಬಗೆಯನ್ನು ಬದಲಿಸಬೇಕು ಎಂಬುದು ಅವರ ನಿಲುವಾಗಿತ್ತು. 1980ರ ದಶಕದಲ್ಲಿ ಪಾಲ್ ವೆಹ್ಮನ್ ಮೊದಲಾದವರು ಇದೇ ಕಲಿಸುವ ಬಗೆಯನ್ನು ನಿಜವಾದ ಕೆಲಸದ ಜಾಗಗಳಿಗೆ ಒಯ್ದರು. 1986ರಲ್ಲಿ ಅಮೆರಿಕದ ಪುನರ್ವಸತಿ ಕಾಯ್ದೆಯ ತಿದ್ದುಪಡಿಯ ಮೂಲಕ ಬೆಂಬಲಿತ ಉದ್ಯೋಗಕ್ಕೆ ಸರ್ಕಾರಿ ಹಣವೂ ದೊರೆಯಿತು. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 27ನೇ ವಿಧಿ, ಎಲ್ಲರಿಗೂ ತೆರೆದಿರುವ ಉದ್ಯೋಗ ಮಾರುಕಟ್ಟೆಯಲ್ಲಿ ದುಡಿದು ಬದುಕುವುದನ್ನು ಹಕ್ಕೆಂದೇ ಹೇಳುತ್ತದೆ. ಉದ್ಯೋಗದಾತರ ಎದುರು ಕುಳಿತಾಗ ನನ್ನ ಬೆನ್ನಿಗಿರುವುದು ಈ ಮಾತು. ಅದಕ್ಕಾಗಿಯೇ ನಾನು ಅವರ ಬಳಿ ಕನಿಕರವನ್ನು ಕೇಳುವುದಿಲ್ಲ.

ಕೆಲಸ ಹುಡುಕುವ ಮೊದಲು ವ್ಯಕ್ತಿಯನ್ನು ಅರಿಯಲು ನಾನು ಸಾಕಷ್ಟು ಸಮಯ ಕೊಡುತ್ತೇನೆ. ಬುದ್ಧಿಮತ್ತೆಯ ಅಂಕಿ ಅಥವಾ ವೈದ್ಯಕೀಯ ವರದಿಗಳು ಒಬ್ಬರು ಯಾವ ಕೆಲಸದಲ್ಲಿ ನೆಲೆಯೂರಬಲ್ಲರು ಎಂಬುದನ್ನು ತಿಳಿಸುವುದಿಲ್ಲ. ಅವರೊಂದಿಗೆ ಹೊರಗೆ ನಡೆದಾಡುವುದು, ಮನೆಯಲ್ಲಿ ಅವರು ತಾವಾಗಿಯೇ ಕೈಹಾಕುವ ಕೆಲಸಗಳನ್ನು ಗಮನಿಸುವುದು, ಯಾವ ಸದ್ದು, ಬೆಳಕು, ಜನಸಂದಣಿ ಅವರನ್ನು ಕಂಗೆಡಿಸುತ್ತದೆ ಎಂದು ನೋಡುವುದು ಹೆಚ್ಚು ಉಪಯುಕ್ತ. ಆಟಿಸಂ ಇರುವ ಒಬ್ಬ ಮಹಿಳೆಯ ಬಗ್ಗೆ ಮನೆಯವರು ‘ಇವಳಿಗೆ ಯಾವುದರಲ್ಲೂ ಆಸಕ್ತಿ ಇಲ್ಲ’ ಎಂದೇ ಹೇಳಿದ್ದರು. ಆದರೆ ಮನೆಯ ಔಷಧಿಗಳನ್ನೆಲ್ಲ ಅವಧಿ ಮುಗಿಯುವ ದಿನಾಂಕದ ಕ್ರಮದಲ್ಲಿ ಜೋಡಿಸಿಟ್ಟಿದ್ದವರು ಅವರೇ. ಯಾರೂ ಹೇಳಿಕೊಡದೆ, ತಪ್ಪಿಲ್ಲದೆ, ಬೇಸರಿಸದೆ ಅವರು ಅದನ್ನು ಮಾಡುತ್ತಿದ್ದರು. ಗ್ರಂಥಾಲಯಕ್ಕೆ ಮರಳಿ ಬಂದ ಪುಸ್ತಕಗಳನ್ನು ಸಂಖ್ಯೆಯ ಕ್ರಮದಲ್ಲಿ ಕಪಾಟಿಗೆ ಸೇರಿಸುವ ಕೆಲಸದ ಯೋಚನೆ ನನಗೆ ಹುಟ್ಟಿದ್ದು ಅಲ್ಲಿಯೇ.

ಉದ್ಯೋಗದಾತರ ಬಳಿ ನಾನು ಖಾಲಿ ಹುದ್ದೆ ಇದೆಯೇ ಎಂದು ಮೊದಲಿಗೇ ಕೇಳುವುದಿಲ್ಲ. ಸಂಸ್ಥೆಯಲ್ಲಿ ಒಂದಿಷ್ಟು ಹೊತ್ತು ಇದ್ದು, ಯಾವ ಕೆಲಸ ಬಾಕಿ ಬೀಳುತ್ತಿದೆ, ಹೆಚ್ಚಿನ ಪರಿಣತಿಯುಳ್ಳವರ ಸಮಯ ಯಾವ ಸಣ್ಣ ಕೆಲಸಗಳಲ್ಲಿ ಕಳೆಯುತ್ತಿದೆ ಎಂದು ನೋಡಲು ಅನುಮತಿ ಕೇಳುತ್ತೇನೆ. ಆ ಗ್ರಂಥಾಲಯದಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರಿಸಬೇಕಾದ ಸಿಬ್ಬಂದಿಯೇ ಪುಸ್ತಕ ಜೋಡಿಸುತ್ತಿದ್ದರು. ಅವರ ಹೊಣೆಯಿಂದ ಆ ಭಾಗವನ್ನು ಬೇರೆ ಮಾಡಿದಾಗ ಒಂದು ಹೊಸ ಹುದ್ದೆಯೇ ರೂಪುಗೊಂಡಿತು. ಸಂದರ್ಶನದ ಬದಲು ಕೆಲಸವನ್ನೇ ಮಾಡಿ ತೋರಿಸಲು ಅವಕಾಶ ಕೇಳಿದೆ, ಏಕೆಂದರೆ ಅಪರಿಚಿತರ ಪ್ರಶ್ನೆಗೆ ಕಣ್ಣು ಕೊಟ್ಟು ಉತ್ತರಿಸಲಾಗದವರ ಕೈಕೆಲಸ ಅಚ್ಚುಕಟ್ಟಾಗಿರಬಹುದು. ಅಂಗವೈಕಲ್ಯದ ಬಗ್ಗೆ ಏನನ್ನು, ಎಷ್ಟನ್ನು ಹೇಳಬೇಕೆಂಬುದನ್ನು ಮಾತ್ರ ನಾನು ಮುಂಚೆಯೇ ಆ ವ್ಯಕ್ತಿಯೊಂದಿಗೆ ಮಾತಾಡಿ ಅವರ ಒಪ್ಪಿಗೆ ಪಡೆದಿರುತ್ತೇನೆ. ಸಾಮಾನ್ಯವಾಗಿ ರೋಗದ ಹೆಸರು ಹೇಳುವ ಅಗತ್ಯವೇ ಬರುವುದಿಲ್ಲ. ‘ಸೂಚನೆಗಳನ್ನು ಬರೆದು ಕೊಟ್ಟರೆ ಇವರಿಗೆ ಅನುಕೂಲ’ ಎಂದರೆ ಸಾಕಾಗುತ್ತದೆ.

ಕೆಲಸ ಖಚಿತವಾದ ಮೇಲೆ, ಅವರು ಸೇರುವ ಮುನ್ನ ಆ ಕೆಲಸವನ್ನು ನಾನೇ ಮಾಡುತ್ತೇನೆ. ಕೈಯಾರೆ ಮಾಡದೆ ಅದನ್ನು ಹಂತಗಳಾಗಿ ಒಡೆಯಲು ಆಗುವುದಿಲ್ಲ. ಗಾಡಿಯಿಂದ ಪುಸ್ತಕ ತೆಗೆಯುವುದು, ಬೆನ್ನಿನ ಚೀಟಿಯನ್ನು ತನ್ನತ್ತ ತಿರುಗಿಸಿಕೊಳ್ಳುವುದು, ಮೊದಲ ಮೂರು ಅಂಕಿ ಓದುವುದು, ಅದೇ ಅಂಕಿಯ ಕಪಾಟಿನ ಸಾಲಿಗೆ ಹೋಗುವುದು ಹೀಗೆ ಪ್ರತಿಯೊಂದನ್ನೂ ಬರೆದಿಡುತ್ತೇನೆ. ನೋಡುವವರಿಗೆ ಒಂದೇ ಎನಿಸುವ ಚಲನೆಯಲ್ಲಿ ಎರಡು ಮೂರು ನಿರ್ಧಾರಗಳು ಅಡಗಿರುತ್ತವೆ, ಕಲಿಯುವವರು ತಡವರಿಸುವುದು ಬಹುತೇಕ ಅಂತಹ ಕಡೆಯಲ್ಲೇ. ಆ ಮಹಿಳೆಗೆ ಅಂಕಿಗಳ ಕ್ರಮ ಕಷ್ಟವಾಗಲಿಲ್ಲ. ಕಪಾಟಿನಲ್ಲಿ ಜಾಗವಿಲ್ಲದಿದ್ದಾಗ ಏನು ಮಾಡಬೇಕೆಂದು ತೋಚದೆ ನಿಂತುಬಿಡುತ್ತಿದ್ದರು. ಆ ಒಂದು ಹಂತವನ್ನು ಮತ್ತೆ ಒಡೆದು, ಕಪಾಟಿನಲ್ಲಿ ಹಿಡಿಯದ ಪುಸ್ತಕಗಳನ್ನು ಇಡಲು ಗಾಡಿಯ ಕೆಳತಟ್ಟನ್ನು ಗೊತ್ತುಮಾಡಿದ ಮೇಲೆ ತೊಡಕು ನಿವಾರಣೆಯಾಯಿತು. ವಿಶ್ವಸಂಸ್ಥೆಯ ಒಡಂಬಡಿಕೆ ಹೇಳುವ ಸೂಕ್ತ ಹೊಂದಾಣಿಕೆ, ಅಂದರೆ ವ್ಯಕ್ತಿಗೆ ತಕ್ಕಂತೆ ಕೆಲಸದಲ್ಲಿ ಮಾಡಿಕೊಡುವ ಬದಲಾವಣೆ, ಎಷ್ಟೋ ಸಲ ಇಷ್ಟು ಸಣ್ಣದು, ಖರ್ಚಿಲ್ಲದ್ದು.

ಕಲಿಸುವಾಗ ಮಾತು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಕೆಲಸದ ಜಾಗದಲ್ಲಿ ಸಹಜವಾಗಿ ಇರುವ ಸೂಚನೆ, ಅಂದರೆ ಗಾಡಿ ತುಂಬಿರುವುದು, ಗಂಟೆ ಬಾರಿಸುವುದು, ಯಂತ್ರದ ದೀಪ ಹೊತ್ತಿಕೊಳ್ಳುವುದು, ಅವರ ಗಮನಕ್ಕೆ ಬರಲೆಂದು ಮೊದಲು ಸುಮ್ಮನೆ ಕಾಯುತ್ತೇನೆ. ಆಗಲೂ ಕೈ ಮುಂದುವರಿಯದಿದ್ದರೆ ಸನ್ನೆ ಮಾಡುತ್ತೇನೆ, ಅದೂ ಸಾಲದಿದ್ದರೆ ಮಾಡಿ ತೋರಿಸುತ್ತೇನೆ. ಕೈಹಿಡಿದು ಮಾಡಿಸುವುದು ಕೊನೆಯ ಮಾರ್ಗ, ಅದಕ್ಕೂ ಅವರ ಅನುಮತಿ ಬೇಕು. ‘ಈಗ ಇದನ್ನು ತಗೋ, ಈಗ ಅಲ್ಲಿಡು’ ಎಂದು ಬಾಯಿಬಿಟ್ಟು ಹೇಳುತ್ತಲೇ ಇದ್ದರೆ ಅವರು ಕೆಲಸವನ್ನು ಗಮನಿಸುವುದು ಬಿಟ್ಟು ನನ್ನ ದನಿಗೆ ಕಾಯುವುದನ್ನು ಕಲಿತುಬಿಡುತ್ತಾರೆ. ಯಾವ ಹಂತವನ್ನು ತಾವಾಗಿಯೇ ಮಾಡಿದರು, ಯಾವುದಕ್ಕೆ ಎಂಥ ನೆರವು ಬೇಕಾಯಿತು ಎಂಬುದನ್ನು ದಿನವೂ ಗುರುತು ಹಾಕಿಕೊಳ್ಳುತ್ತೇನೆ. ನಾನು ಪಕ್ಕದಿಂದ ಹಿಂದಕ್ಕೆ, ಹಿಂದಿನಿಂದ ಕೋಣೆಯ ಇನ್ನೊಂದು ಬದಿಗೆ, ಅಲ್ಲಿಂದ ಕೋಣೆಯ ಹೊರಗೆ ಸರಿಯುವುದು ಈ ಗುರುತುಗಳನ್ನು ನೋಡಿಯೇ. ಅಂದಾಜಿನ ಮೇಲೆ ಸರಿದರೆ ಬೇಗ ಸರಿಯುವ ಅಪಾಯವೂ ಇದೆ, ಬೇಕಿಲ್ಲದಿದ್ದರೂ ಅಂಟಿಕೊಂಡು ನಿಲ್ಲುವ ಅಪಾಯವೂ ಇದೆ.

ಎರಡನೆಯ ಅಪಾಯವೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಕೋಚ್ ಸದಾ ಪಕ್ಕದಲ್ಲಿದ್ದರೆ ಸಹೋದ್ಯೋಗಿಗಳು ಏನಿದ್ದರೂ ಕೋಚ್‌ಗೆ ಹೇಳುತ್ತಾರೆಯೇ ಹೊರತು ಆ ವ್ಯಕ್ತಿಯೊಂದಿಗೆ ಮಾತಾಡುವುದಿಲ್ಲ. ಆದ್ದರಿಂದ ಹೊಸಬರಿಗೆಲ್ಲ ಯಾರು ಕೆಲಸ ಪರಿಚಯಿಸುತ್ತಾರೋ ಅವರೇ ಇವರಿಗೂ ಪರಿಚಯಿಸಲಿ ಎಂದು ಕೇಳಿಕೊಳ್ಳುತ್ತೇನೆ. ಹೇಳಿಕೊಡುವುದು ಎಲ್ಲಿ ಸಾಲದೋ ಅಲ್ಲಿ ಹೇಗೆ ಹೇಳಿಕೊಡಬೇಕೆಂಬುದನ್ನು ಅವರಿಗೆ ತೋರಿಸುತ್ತೇನೆ. ಮೇಲ್ವಿಚಾರಕರು ನನ್ನತ್ತ ತಿರುಗಿ ‘ಇವರು ನಾಳೆ ಬೇಗ ಬರಬಹುದೇ?’ ಎಂದರೆ, ಅವರನ್ನೇ ಕೇಳಿ ಎನ್ನುತ್ತೇನೆ. ವಿರಾಮದ ವೇಳೆ ಅವರೊಂದಿಗೆ ಕೂರುವ ಒಬ್ಬ ಸಹೋದ್ಯೋಗಿ ಇದ್ದರೆ, ನಾನು ಕಲಿಸಲಾರದ ಎಷ್ಟೋ ಸಂಗತಿಗಳು ಅಲ್ಲಿ ತಾವಾಗಿಯೇ ಕಲಿಯಲು ಸಿಗುತ್ತವೆ: ರಜೆ ಕೇಳುವ ರೀತಿ, ತಮಾಷೆ ಯಾವುದು ಗದರಿಕೆ ಯಾವುದು ಎಂಬ ವ್ಯತ್ಯಾಸ, ಯಾರ ಬಳಿ ಏನು ಹೇಳಬಾರದು ಎಂಬ ಎಚ್ಚರ.

ಮಾನಸಿಕ ಅನಾರೋಗ್ಯದಿಂದ ಚೇತರಿಸಿಕೊಳ್ಳುತ್ತಿರುವವರೊಂದಿಗೆ ಈ ಕ್ರಮ ಬದಲಾಗುತ್ತದೆ. ಅವರಿಗೆ ಕೆಲಸ ಗೊತ್ತಿರುತ್ತದೆ. ಮುಂಜಾನೆ ಔಷಧಿಯ ಮಂಪರು, ಬಿಟ್ಟುಹೋದ ವರ್ಷಗಳ ಬಗ್ಗೆ ಏನು ಹೇಳಲಿ ಎಂಬ ಅಂಜಿಕೆ, ಮತ್ತೆ ಕಾಯಿಲೆ ಮರುಕಳಿಸೀತೆಂಬ ಭಯ ಅವರನ್ನು ಕಾಡುತ್ತವೆ. ಕೆಲಸದ ಜಾಗಕ್ಕೆ ನಾನು ಬರುವುದನ್ನೇ ಅನೇಕರು ಇಷ್ಟಪಡುವುದಿಲ್ಲ, ಹಾಗಾಗಿ ಕೆಲಸ ಮುಗಿದ ಮೇಲೆ ಹೊರಗೆಲ್ಲಾದರೂ ಭೇಟಿಯಾಗುತ್ತೇವೆ. ಅಮೆರಿಕದ ಸಂಶೋಧಕರಾದ ರಾಬರ್ಟ್ ಡ್ರೇಕ್ ಮತ್ತು ಡೆಬೊರಾ ಬೆಕರ್ ಮಾನಸಿಕ ಅನಾರೋಗ್ಯವಿರುವವರಿಗಾಗಿ ರೂಪಿಸಿದ ಐಪಿಎಸ್ (ಇಂಡಿವಿಜುಯಲ್ ಪ್ಲೇಸ್‌ಮೆಂಟ್ ಅಂಡ್ ಸಪೋರ್ಟ್) ಎಂಬ ಬೆಂಬಲಿತ ಉದ್ಯೋಗದ ಮಾದರಿಯಿಂದ ನಾನು ಎರಡು ತತ್ವಗಳನ್ನು ತೆಗೆದುಕೊಂಡಿದ್ದೇನೆ. ಕೆಲಸ ಬೇಕೆನ್ನುವ ಯಾರನ್ನೂ ರೋಗಲಕ್ಷಣದ ಕಾರಣ ಹೊರಗಿಡಬಾರದು. ಉದ್ಯೋಗದ ಬೆಂಬಲ ಮತ್ತು ಚಿಕಿತ್ಸೆ ಒಂದೇ ತಂಡದ ಕೈಯಲ್ಲಿರಬೇಕು. ಬೆಳಗಿನ ಪಾಳಿಯಲ್ಲಿ ತೂಕಡಿಸುವವರ ವಿಷಯವನ್ನು ಅವರ ಒಪ್ಪಿಗೆಯಿಂದ ವೈದ್ಯರಿಗೆ ತಿಳಿಸಿದಾಗ, ಔಷಧಿಯ ಹೊತ್ತು ಬದಲಾಗಿ ಕೆಲಸ ಉಳಿದದ್ದುಂಟು.

ಮನೆಯವರ ಆತಂಕವನ್ನು ನಾನು ಲಘುವಾಗಿ ಕಾಣುವುದಿಲ್ಲ. ದುಡಿಯತೊಡಗಿದರೆ ಅಂಗವಿಕಲರ ಭತ್ಯೆ ನಿಂತುಹೋದೀತೆಂಬ ಭಯ ಎಷ್ಟೋ ಕಡೆ ನಿಜವಾದದ್ದೇ. ಆ ಲೆಕ್ಕವನ್ನು ಕಾಗದದ ಮೇಲೆ ಹಾಕಿ, ನಿಯಮ ಬಲ್ಲವರಿಂದ ಖಚಿತಪಡಿಸಿಕೊಂಡು, ಕೆಲಸ ಒಪ್ಪಿಕೊಳ್ಳುವ ಮೊದಲೇ ಅವರ ಮುಂದಿಡುತ್ತೇನೆ. ಒಬ್ಬರೇ ಓಡಾಡುವ ವಿಷಯದಲ್ಲಿಯೂ ಅಷ್ಟೇ: ದಾರಿಯನ್ನೂ ಹಂತಗಳಾಗಿ ಒಡೆದು, ಬಸ್ಸು ತಪ್ಪಿದಾಗ ಏನು ಮಾಡಬೇಕೆಂಬುದನ್ನೂ ಸೇರಿಸಿ ಕಲಿಸುತ್ತೇನೆ.

ನಾನು ಕಂಡಂತೆ ಕೆಲಸ ಕಳೆದುಕೊಳ್ಳುವ ಸಂದರ್ಭ ಬರುವುದು ಆರಂಭದ ತಿಂಗಳುಗಳಲ್ಲಿ ಅಷ್ಟಾಗಿ ಅಲ್ಲ, ಎಲ್ಲವೂ ಸರಿಹೋಗಿದೆ ಎಂದು ಎಲ್ಲರೂ ನಿರಾಳವಾದ ಮೇಲೆ. ಮೇಲ್ವಿಚಾರಕರು ಬದಲಾಗುತ್ತಾರೆ, ಹೊಸ ಯಂತ್ರ ಬರುತ್ತದೆ, ಪಾಳಿ ತಿರುಗುತ್ತದೆ, ನೆರವಾಗುತ್ತಿದ್ದ ಸಹೋದ್ಯೋಗಿ ಬೇರೆಡೆಗೆ ಹೋಗುತ್ತಾರೆ. ಇದಕ್ಕಾಗಿ ಪ್ರತಿಯೊಬ್ಬರೊಂದಿಗೂ ಕುಳಿತು, ಅವರದೇ ಮಾತುಗಳಲ್ಲಿ ಒಂದು ಪುಟದ ಟಿಪ್ಪಣಿ ಬರೆಸಿಡುತ್ತೇನೆ: ನಾನು ಚೆನ್ನಾಗಿ ಮಾಡುವ ಕೆಲಸಗಳು, ನನಗೆ ಸೂಚನೆ ಕೊಡುವ ಬಗೆ, ಗಲಿಬಿಲಿಯಾದಾಗ ನನಗೆ ಬೇಕಾಗುವುದು. ಹೊಸ ಮೇಲ್ವಿಚಾರಕರು ಬಂದ ಕೂಡಲೇ ಟಿಪ್ಪಣಿ ಬರೆಸಿದವರು ತಾವೇ ಅದನ್ನು ಅವರಿಗೆ ಕೊಡುತ್ತಾರೆ, ಬೇಕೆನಿಸಿದರೆ ನನ್ನನ್ನೂ ಕರೆಯುತ್ತಾರೆ. ಕೆಲವರು ಈ ಟಿಪ್ಪಣಿಯನ್ನು ಹಿಡಿದು ಹೆಚ್ಚಿನ ಸಂಬಳದ ಬೇರೆ ಕೆಲಸಕ್ಕೂ ಅರ್ಜಿ ಹಾಕಿದ್ದಾರೆ. ಆಗ ಹೊಸ ಕೆಲಸವನ್ನು ಮತ್ತೆ ಹಂತಗಳಾಗಿ ಒಡೆಯಲು ನಾನು ಅವರೊಂದಿಗೆ ಹೋಗುತ್ತೇನೆ.