ಕುವೆಂಪುನಗರದ ಹಿಂದಿನ ರೂಮಿನಲ್ಲಿ ರೋಮಾಂಚನ ಅಳೆದದ್ದು

ಹಾಡು ಕೇಳುವಾಗ ಮೈ ಜುಮ್ಮೆನ್ನುತ್ತದಲ್ಲ, ಆ ಗಳಿಗೆಯನ್ನು ಯಂತ್ರದಲ್ಲಿ ಹಿಡಿಯಬೇಕು ಅಂತ ಎರಡೂವರೆ ವರ್ಷ ಒದ್ದಾಡಿದೆ. ಈಗ ಸಿಗುತ್ತಿದೆ. ಕೊನೆಗೆ ಕೂರಿಸಿದ ಹನ್ನೆರಡು ಜನರಲ್ಲಿ ಒಂಬತ್ತು ಜನರದ್ದು ಗ್ರಾಫಿನಲ್ಲಿ ಎದ್ದು ಕಾಣುತ್ತದೆ. ಶುರು ಮಾಡಿದಾಗ ನನಗೆ ಪಾಠ ಹೇಳಿದ ಮೇಷ್ಟ್ರೇ "ಸ್ಕ್ಯಾನರ್ ಇಲ್ಲದೆ, ಲ್ಯಾಬ್ ಇಲ್ಲದೆ ಇದೆಲ್ಲ ಆಗೋ ಮಾತಲ್ಲಪ್ಪ" ಅಂದಿದ್ದರು. ಹೋದ ತಿಂಗಳು ಮನೆಗೆ ಬಂದು ಗ್ರಾಫ್ ನೋಡಿ, ಇನ್ನೊಂದು ಸಲ ಹಾಕು ಅಂದರು.

ಕೆನಡಾದ ಮಾಂಟ್ರಿಯಲ್‌ನಲ್ಲಿ ಬ್ಲಡ್ ಮತ್ತು ಝಟೋರೆ ಅನ್ನುವ ಸಂಶೋಧಕರು 2001ರಲ್ಲಿ, ಹಾಡಿಗೆ ಮೈ ಜುಮ್ಮೆಂದವರ ಮೆದುಳಿನ ಪೆಟ್ ಸ್ಕ್ಯಾನ್ ಮಾಡಿದ್ದರು. 2011ರಲ್ಲಿ ಅಲ್ಲಿಯದೇ ಸಲಿಂಪೂರ್ ತಂಡ, ಆಗ ಮೆದುಳಿನಲ್ಲಿ ಸುಖಕ್ಕೆ ಸಂಬಂಧಿಸಿದ ಡೋಪಮೈನ್ ಅನ್ನುವ ರಾಸಾಯನಿಕ ಬಿಡುಗಡೆಯಾಗುವುದನ್ನು ತೋರಿಸಿತು. ನನ್ನ ಹತ್ತಿರ ಇದ್ದದ್ದು ಒಂದು ರೂಮು, ಒಂದು ಜಿಎಸ್‌ಆರ್ ಬಾಕ್ಸ್ (ಬೆವರಿದಾಗ ಚರ್ಮದಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಅಂತ ಅಳೆಯುವುದು), ಒಂದು ಹಳೇ ಫೋನು. ಹೊರದೇಶದ ಸೆಟ್ಟಿಗೆ ಕೊಟೇಶನ್ ಕೇಳಿದರೆ ಐದು ಲಕ್ಷದ ಮೇಲೆ ಹೇಳಿದರು. ನಾನು ಒಟ್ಟು ಖರ್ಚು ಮಾಡಿದ್ದು ನಲವತ್ತು, ನಲವತ್ತೆರಡು ಸಾವಿರ ಇರಬಹುದು. ಅದರಲ್ಲಿ ಹದಿನೈದು ಸಾವಿರ ನೀರುಪಾಲು.

ಮೊದಲನೇ ದಂಡ, ಆರ್ಡುಯಿನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿನ ಒಳಗಿರುವ, ಸಿಗ್ನಲನ್ನು ಅಂಕಿಯಾಗಿಸುವ 10 ಬಿಟ್ ಕನ್ವರ್ಟರನ್ನೇ ನಂಬಿದ್ದು. ಸಣ್ಣ ಏರಿಳಿತಗಳೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಂಡವು. ಸೆನ್ಸಾರೇ ಸರಿಯಿಲ್ಲ ಅಂತ ಮೂರು ಸಲ ಹೊಸದು ತರಿಸಿದೆ. ಕೊನೆಗೆ ನಾನೂರು ರೂಪಾಯಿಯ ಇನ್ನೂ ಸೂಕ್ಷ್ಮವಾದ 16 ಬಿಟ್ ಕನ್ವರ್ಟರ್ ಬೋರ್ಡ್ ಹಾಕಿದ ದಿನವೇ ಗೆರೆ ನಯವಾಯಿತು.

ಎರಡನೆಯದು ಎಲೆಕ್ಟ್ರೋಡಿಗೂ ಚರ್ಮಕ್ಕೂ ನಡುವೆ ಹಚ್ಚುವ ಜೆಲ್. ಮೆಡಿಕಲ್ ಶಾಪಿನಲ್ಲಿ ಸಿಗುವ ಇಸಿಜಿ ಜೆಲ್ಲನ್ನೇ ಹಚ್ಚಿದೆ. ಅದರಲ್ಲಿ ಉಪ್ಪು ಜಾಸ್ತಿ. ಕೂತವರೆಲ್ಲರ ರೀಡಿಂಗೂ ಏರುತ್ತಲೇ ಹೋಯಿತು. ನಾಲ್ಕು ತಿಂಗಳ ರೆಕಾರ್ಡಿಂಗ್ ಪೂರ್ತಿ ತೆಗೆದುಹಾಕಬೇಕಾಯಿತು. ಈಗ ಬೆವರಿನಷ್ಟೇ ಉಪ್ಪಿರುವ ಹಾಗೆ ನಾನೇ ಒಂದು ಕ್ರೀಮಿನಲ್ಲಿ ಕಲಸಿಕೊಳ್ಳುತ್ತೇನೆ. ಯಾವ ಕ್ರೀಮು, ಎಷ್ಟು ಅಳತೆ ಅನ್ನುವುದನ್ನು ಸದ್ಯಕ್ಕೆ ಹೇಳುವುದಿಲ್ಲ, ಇನ್ನೂ ಅದರ ಕೆಲಸ ಮುಗಿದಿಲ್ಲ. ಒಂದು ಮಾತು ಮಾತ್ರ ಹೇಳುತ್ತೇನೆ, ಚರ್ಮವನ್ನು ಸ್ಪಿರಿಟ್‌ನಲ್ಲಿ ಒರೆಸಬೇಡಿ. ಬರೀ ನೀರು ಸಾಕು.

ನಿಜವಾಗಿ ಕಾಡಿದ್ದು ತಾಳ. ಮೈಸೂರಿನಲ್ಲಿ ಸಂಗೀತ ಕೇಳುವವರ ಕೈ ಸುಮ್ನೆ ಇರುವುದಿಲ್ಲ. ಬೆರಳಿಗೆ ಎಲೆಕ್ಟ್ರೋಡ್ ಅಂಟಿಸಿ "ದಯವಿಟ್ಟು ಅಲ್ಲಾಡಿಸಬೇಡಿ" ಅಂದರೆ ಎರಡು ನಿಮಿಷ ಸುಮ್ಮನಿರುತ್ತಾರೆ, ಆಮೇಲೆ ಕೈ ತಾನಾಗಿಯೇ ತೊಡೆಗೆ ಬೀಳುತ್ತದೆ. ಎಡಗೈಗೆ ಹಾಕಿದೆ. ಬಲಗೈ ತಾಳ ಹಾಕಿದರೆ ತೊಡೆಯ ಮೇಲಿದ್ದ ಎಡಗೈಯೂ ಕುಲುಕುತ್ತಿತ್ತು. ಕೈ ಕಟ್ಟಿ ಕೂರಿಸಿದರೆ ಹಾಡಿನ ಸುಖವೇ ಹೋಯಿತು ಅಂದರು ಒಬ್ಬ ಹಿರಿಯರು. ಅವರ ಮಾತು ಸರಿ. ಕೊನೆಗೆ ಪಾದಕ್ಕೆ ಹೋದೆ. ಪಾದದ ಒಳಮಗ್ಗುಲು, ಹಿಮ್ಮಡಿಗೂ ಹೆಬ್ಬೆರಳಿಗೂ ನಡುವಿನ ಮೆತ್ತಗಿನ ಜಾಗ. ಬರಿಗಾಲಲ್ಲಿ ಓಡಾಡುವವರಿಗೂ ಅಲ್ಲಿ ಚರ್ಮ ದಪ್ಪ ಆಗಿರುವುದಿಲ್ಲ. ಕಾಲನ್ನು ಒಂದು ದಿಂಬಿನ ಮೇಲೆ ಚಾಚಿಸಿ, ಕೈಯನ್ನು ಅವರ ಪಾಡಿಗೆ ಬಿಟ್ಟೆ. ಅವತ್ತಿನಿಂದ ಕೆಲಸ ಹಳಿಗೆ ಬಂತು.

ಬರೀ ಜಿಎಸ್‌ಆರ್ ಸಾಲದು ಅಲ್ವಾ? ಬಾಗಿಲು ಬಡಿದರೂ ಅದು ಏರುತ್ತದೆ. ಬೆನೆಡೆಕ್ ಅನ್ನುವ ಸಂಶೋಧಕರ ತಂಡ 2010ರಲ್ಲಿ ತೋರಿಸಿದ ದಾರಿಯಲ್ಲೇ ಮುಂಗೈ ಮೇಲೆ ಓರೆಯಾಗಿ ಬೆಳಕು ಬಿಟ್ಟು ಫೋನಿನಲ್ಲಿ ವಿಡಿಯೋ ತೆಗೆದೆ. ಕೂದಲ ಬುಡ ಎದ್ದರೆ ಒಂದೊಂದಕ್ಕೂ ಚೂರು ನೆರಳು ಬೀಳುತ್ತದೆ. ಬೆಳಕು ಎಷ್ಟು ಓರೆ ಇರಬೇಕು ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕ ಇದೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ಫ್ಯಾನ್ ಆರಿಸಲೇಬೇಕು. ಚಳಿಗೂ ರೋಮ ಏಳುತ್ತದೆ. ಸ್ಟೀಲ್ ತಟ್ಟೆ ಮೇಲೆ ಚಮಚ ಕೆರೆದು ನೋಡಿದೆ, ಅದಕ್ಕೂ ಎದ್ದಿತು! ಹಾಗಾಗಿ ಮೂರನೆಯದಾಗಿ ಒಂದು ಬಟನ್ ಕೊಟ್ಟೆ. ಮೈ ಜುಮ್ಮೆಂದಾಗ ಒತ್ತಬೇಕು. ಮೂರೂ ಒಟ್ಟಿಗೆ ಬಂದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ.

ನಡುವೆ ಮೈಸೂರು ಶೈಲಿಯ ಚಿತ್ರಗಳನ್ನೂ ಇಟ್ಟು ನೋಡಿದೆ. ಕಣ್ಣಿನ ಪಾಪೆ ಅಳೆಯೋಣ ಅಂತ. ಚಿನ್ನದ ರೇಕು ದೀಪದ ಬೆಳಕಿಗೆ ಹೊಳೆದ ತಕ್ಷಣ ಪಾಪೆ ಕುಗ್ಗಿಬಿಡುತ್ತದೆ. ಸೊಗಸಿಗೆ ಹಿಗ್ಗಿತೋ, ಬೆಳಕಿಗೆ ಕುಗ್ಗಿತೋ ಬೇರ್ಪಡಿಸಲು ಆಗಲಿಲ್ಲ. ರೋಮಾಂಚನವಂತೂ ಒಬ್ಬರಿಗೂ ಬರಲಿಲ್ಲ. ಎರಡು ತಿಂಗಳಿಗೆ ಕೈಬಿಟ್ಟೆ.

ಹಾಡು ಯಾವುದು ಅನ್ನುವ ವಿಷಯದಲ್ಲೂ ಮೊದಲು ಎಡವಿದೆ. ಎಲ್ಲರಿಗೂ ಒಂದೇ ಇರಲಿ ಅಂತ ಕಲ್ಯಾಣಿಯ ಆಲಾಪನೆ, ಹನ್ನೊಂದು ನಿಮಿಷದ್ದು. ಇಪ್ಪತ್ತು ಜನರಲ್ಲಿ ಮೂವರೋ ನಾಲ್ವರೋ ಬಟನ್ ಒತ್ತಿರಬೇಕು. ಮಾಂಟ್ರಿಯಲ್‌ನವರು ಕೇಳುಗರು ಆರಿಸಿದ ಸಂಗೀತವನ್ನೇ ಹಾಕಿದ್ದರು. ಅದನ್ನು ಓದಿದ್ದೂ ನಾನು ಗಣನೆಗೆ ತೆಗೆದುಕೊಂಡಿರಲಿಲ್ಲ. ನಿಮ್ಮದೇ ಹಾಡು ತನ್ನಿ ಅಂದ ಮೇಲೆ ಎಲ್ಲ ಬದಲಾಯಿತು.

ಮದ್ದೂರಿನ ಕಡೆಯ ಒಬ್ಬ ರೈತರು ಮಲೆ ಮಹದೇಶ್ವರನ ಪದ ತಂದರು. ಊರಿನ ದೇವರಗುಡ್ಡರು ಹಾಡಿದ್ದು, ಫೋನಿನಲ್ಲಿ ಹಿಡಿದದ್ದು, ಹಿಂದೆ ನಾಯಿ ಬೊಗಳುವುದೂ ಕೇಳುತ್ತಿತ್ತು. ಹತ್ತಾರು ಸಲ ಕೇಳಿದ್ದಾರೆ. ಕಂಸಾಳೆ ಜೋರಾಗಿ ಬಡಿದು ಬಡಿದು ಒಮ್ಮೆಲೇ ನಿಲ್ಲುತ್ತದೆ. ಆಮೇಲೆ ಒಂದೇ ದನಿ ಏಳುತ್ತದೆ. ನಡುವೆ ಐದಾರು ಸೆಕೆಂಡಿನ ಮೌನ. ಅವರು ಬಟನ್ ಒತ್ತಿದ್ದು ದನಿ ಎದ್ದಾಗ. ಮುಂಗೈ ರೋಮ ಎದ್ದದ್ದೂ ಆಗಲೇ. ಆದರೆ ಪಾದದ ಗೆರೆ ಆ ಮೌನದಲ್ಲೇ ಏರಲು ಶುರುವಾಗಿತ್ತು. ಚರ್ಮ ಒಂದರಿಂದ ಮೂರು ಸೆಕೆಂಡು ತಡವಾಗಿ ಉತ್ತರ ಕೊಡುತ್ತದೆ. ಅಂದರೆ ದನಿ ಬರುವ ಮುಂಚೆಯೇ, ಬರುತ್ತದೆ ಅಂತ ಗೊತ್ತಿದ್ದಕ್ಕೇ, ಮೈ ಎಚ್ಚರಾಗಿತ್ತು. ಸಲಿಂಪೂರ್ ತಂಡ ಮೆದುಳಿನಲ್ಲಿ ಕಂಡದ್ದೂ ಇಂಥದೇ. ಕಾಯುವಾಗ ಮೆದುಳಿನ ಕಾಡೇಟ್ ಅನ್ನುವ ಭಾಗದಲ್ಲಿ ಡೋಪಮೈನ್, ಬಂದಾಗ ಅಕ್ಕುಂಬೆನ್ಸ್ ಅನ್ನುವ ಭಾಗದಲ್ಲಿ. ನನಗೆ ಮೆದುಳು ಕಾಣಲಿಲ್ಲ, ಕಾಲು ಕಂಡಿತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಅದೇ ಪದವನ್ನು ಮೌನ ಕತ್ತರಿಸಿ ಮತ್ತೆ ಕೇಳಿಸಿದೆ. ಗೆರೆ ಅಲುಗಲಿಲ್ಲ. "ಇದ್ಯಾಕೋ ಸರಿಯಿಲ್ಲ ಸಾ, ಎಲ್ಲೋ ಕುಯ್ದಿದ್ದೀರ" ಅಂದರು.

ಈಗ ಹೀಗೆ ಮೌನ ಕತ್ತರಿಸಿದ್ದು, ಕತ್ತರಿಸದ್ದು ಎರಡನ್ನೂ ಇನ್ನೂ ಹತ್ತು ಜನರಿಗೆ ಕೇಳಿಸಬೇಕು. ಮಾರ್ಚ್ ಒಳಗೆ ಮುಗಿಸಬೇಕು. ಏಪ್ರಿಲ್ ಬಂದರೆ ಫ್ಯಾನ್ ಆರಿಸಿದ ರೂಮಿನಲ್ಲಿ ಹಾಡು ಶುರುವಾಗುವ ಮುಂಚೆಯೇ ಪಾದ ಬೆವರುತ್ತದೆ.